ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದರು, ಮಣಿಕಟ್ಟಿನ ನೋವು ಮಾತ್ರ ಹೋಗುತ್ತಿಲ್ಲ. ಎಂಆರ್‌ಐ ಮಾಡಿಸಬೇಕಾ?

ತೋಟದದಾರಿ, ಶಿರಸಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಹತ್ತಿರ, ಹುಲೇಕಲ್ ಕಡೆ. ತಮ್ಮನ ಕೈ ವಿಷಯ ಕೇಳಬೇಕಿತ್ತು, ಗೊತ್ತಿದ್ದವರು ದಯವಿಟ್ಟು ಹೇಳಿ.

ಕೊಳೆ ಔಷಧಿ ಹೊಡೆಸುವ ಗಡಿಬಿಡಿಯಲ್ಲಿ ತಮ್ಮ ತೋಟದ ಸಂಕದ (ಕಾಲುಸೇತುವೆಯ) ಮೇಲೆ ಜಾರಿ ಬಿದ್ದ. ಅಡಿಕೆ ದಬ್ಬೆಯ ಸಂಕ, ಮಳೆಗೆ ಹಾವಸೆ ಕಟ್ಟಿತ್ತು. ಬೀಳುವಾಗ ಬಲಗೈ ಮುಂದೆ ಚಾಚಿ ಅಂಗೈ ಊರಿದ್ದಾನೆ, ಮೈಭಾರ ಪೂರ್ತಿ ಅದರ ಮೇಲೆ ಬಿತ್ತು. ಅವತ್ತೇ ಪೇಟೆಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದೆವು. ಎಲುಬಿಗೆ ಏನೂ ಆಗಿಲ್ಲ, ಉಳುಕಿದೆ ಅಷ್ಟೇ ಅಂದರು. ಕ್ರೇಪ್ ಬ್ಯಾಂಡೇಜ್ ಸುತ್ತಿ ನೋವಿನ ಮಾತ್ರೆ ಕೊಟ್ಟು ಕಳಿಸಿದರು.

ಈಗ ವಾರದ ಮೇಲಾಯಿತು. ಊತ ಇಳಿದಿದೆ. ಆದರೆ ಕತ್ತಿ ಹಿಡಿಯಲು ಆಗುವುದಿಲ್ಲ, ಬಾಟಲಿ ಮುಚ್ಚಳ ತಿರುಗಿಸಿದರೂ ಹೆಬ್ಬೆರಳಿನ ಬುಡದಲ್ಲಿ ಚುಚ್ಚುತ್ತದೆ ಅನ್ನುತ್ತಾನೆ. ವಯಸ್ಸು ಇಪ್ಪತ್ತನಾಲ್ಕು, ನೋವು ನೋವು ಅಂತ ಕೂರುವ ಹುಡುಗ ಅಲ್ಲ. ಅದಕ್ಕೇ ಚಿಂತೆ ಆಗಿದೆ.

ಒಬ್ಬ ನೆಂಟರು ಹುಬ್ಬಳ್ಳಿಗೆ ಹೋಗಿ ಎಂಆರ್‌ಐ ಮಾಡಿಸಿ ಅನ್ನುತ್ತಾರೆ. ಹೋಗಿ ಬರುವುದೇ ಒಂದು ದಿನದ ಕೆಲಸ, ಖರ್ಚು ಬೇರೆ. ಆಯಿ ನಾಟಿ ವೈದ್ಯರ ಹತ್ತಿರ ಪಟ್ಟು ಹಾಕಿಸೋಣ ಅನ್ನುತ್ತಾರೆ. ಎಕ್ಸ್‌ರೇಯಲ್ಲಿ ಕಾಣದೆ ಇದ್ದದ್ದು ಎಂಆರ್‌ಐಯಲ್ಲಿ ಕಾಣುತ್ತದಾ? ಅಥವಾ ಉಳುಕು ಇಷ್ಟು ದಿನ ಇರುವುದು ಸಹಜವಾ?


ಹೊಳೆಸಾಲು, ಕುಮಟಾ:

ಮೊದಲು ಒಂದು ಮಾತು. ಯಾರ ಹತ್ತಿರ ಹೋದರೂ ತಿಕ್ಕಿಸಬೇಡಿ, ಎಳೆಸಬೇಡಿ. ನಮ್ಮ ಮನೆಯಲ್ಲೇ ಇಂಥದ್ದು ಆಗಿದೆ. ಅಕ್ಕನ ಮಗ ವಾಲಿಬಾಲ್ ಆಡುವಾಗ ಬಿದ್ದ, ಎಕ್ಸ್‌ರೇ ಸರಿ ಇತ್ತು, ಎಣ್ಣೆ ಹಚ್ಚಿ ತಿಕ್ಕುತ್ತಾ ತಿಂಗಳುಗಟ್ಟಲೆ ಕಳೆದರು. ನೋವು ಕಮ್ಮಿಯಾಗಿದೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಆಮೇಲೆ ಕಾಲೇಜಿನಲ್ಲಿ ಒಮ್ಮೆ ಪುಶ್‌ಅಪ್ ಮಾಡಲು ಹೋಗಿ ಕೈ ಊರಲಿಕ್ಕೇ ಆಗಲಿಲ್ಲ. ಮತ್ತೆ ಎಕ್ಸ್‌ರೇ ತೆಗೆದರೆ ಸಣ್ಣ ಎಲುಬು ಎರಡು ತುಂಡಾಗಿ, ನಡುವೆ ಬಿರುಕು ಹಾಗೇ ಉಳಿದಿತ್ತು. ಸೊಂಟದಿಂದ ಎಲುಬಿನ ಚೂರು ತೆಗೆದು ತುಂಬಿಸಿ ಸ್ಕ್ರೂ ಹಾಕಬೇಕಾಯಿತು.

ಹೆದರಿಸಲು ಹೇಳುತ್ತಿಲ್ಲ. ನಿಮ್ಮ ತಮ್ಮನಿಗೆ ಇನ್ನೂ ಹೊಸ ಪೆಟ್ಟು, ಈಗ ಹಿಡಿದರೆ ಎಷ್ಟೋ ಸುಲಭ. ಮತ್ತೆ ಎಲುಬಿನ ಡಾಕ್ಟರನ್ನೇ ತೋರಿಸಿ. ನೋವು ಎಲ್ಲಿದೆ ಅಂತ ಅವನೇ ಬೆರಳಿಟ್ಟು ತೋರಿಸಲಿ, ಸುಮ್ನೆ ಕೈ ನೋವು ಅಂತ ಹೇಳಬೇಡಿ.


ಕಾಳಿದಂಡೆ, ಕಾರವಾರ:

ನಾನು ಕಾರವಾರದಲ್ಲಿ ಎಕ್ಸ್‌ರೇ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಟೆಕ್ನಿಶಿಯನ್, ಡಾಕ್ಟರ್ ಅಲ್ಲ. ಚಿಕಿತ್ಸೆ ಏನು ಅನ್ನುವುದನ್ನು ಎಲುಬಿನ ಡಾಕ್ಟರೇ ಹೇಳಬೇಕು. ಆದರೆ ನೀವು ಬರೆದದ್ದು ಓದಿ ಉತ್ತರ ಕೊಡದೆ ಇರಲಿಕ್ಕೆ ಆಗಲಿಲ್ಲ. ಚಿಕ್ಕ ವಯಸ್ಸು, ಕೈ ಚಾಚಿ ಬಿದ್ದದ್ದು, ಹೆಬ್ಬೆರಳಿನ ಬುಡದಲ್ಲಿ ನೋವು, ಮೊದಲ ಎಕ್ಸ್‌ರೇ ನಾರ್ಮಲ್. ಇಷ್ಟು ಒಟ್ಟಿಗೆ ಬಂದರೆ ಸ್ಕೇಫಾಯ್ಡ್ ಅನ್ನುವ ಮಣಿಕಟ್ಟಿನ ಸಣ್ಣ ಎಲುಬು ಮುರಿದಿಲ್ಲ ಅಂತ ಖಾತ್ರಿ ಆಗುವವರೆಗೂ ಮುರಿದಿದೆ ಅಂತಲೇ ನೋಡಿಕೊಳ್ಳಬೇಕು.

ಮಣಿಕಟ್ಟಿನಲ್ಲಿ ಎಂಟು ಸಣ್ಣ ಎಲುಬುಗಳು ಎರಡು ಸಾಲಾಗಿ ಇವೆ. ಹೆಬ್ಬೆರಳಿನ ಬದಿಗೆ, ಎರಡೂ ಸಾಲನ್ನು ಸೇರಿಸುವ ಹಾಗೆ ಓರೆಯಾಗಿ ಕೂತಿರುವುದೇ ಸ್ಕೇಫಾಯ್ಡ್. ನೋಡಲು ದೊಡ್ಡ ಗೋಡಂಬಿಯ ಹಾಗೆ ಇರುತ್ತದೆ. ಕೈ ಊರಿ ಬಿದ್ದಾಗ ಈ ಎಂಟರಲ್ಲಿ ಜಾಸ್ತಿ ಮುರಿಯುವುದು ಇದೇ.

ತಮ್ಮನಿಗೆ ಹೆಬ್ಬೆರಳನ್ನು ಮೇಲಕ್ಕೆ ಬಿಗಿಯಾಗಿ ಎತ್ತಲು ಹೇಳಿ. ಬುಡದಲ್ಲಿ ಎರಡು ನರ ಎದ್ದು ನಿಂತು ನಡುವೆ ಒಂದು ಗುಳಿ ಬೀಳುತ್ತದೆ. ಸ್ಕೇಫಾಯ್ಡ್ ಇರುವುದು ಆ ಗುಳಿಯ ಅಡಿಯಲ್ಲೇ. ನಿಮ್ಮ ಬೆರಳ ತುದಿಯಿಂದ ಅಲ್ಲಿ ಮೆತ್ತಗೆ ಒತ್ತಿ, ಆಮೇಲೆ ಎಡಗೈಯಲ್ಲೂ ಅದೇ ಜಾಗದಲ್ಲಿ ಒತ್ತಿ. ಒಳ್ಳೆಯ ಕೈಯಲ್ಲೂ ಅಲ್ಲಿ ಸ್ವಲ್ಪ ನೋಯುವುದು ಸಹಜ, ಆದ್ದರಿಂದ ಎರಡನ್ನೂ ಹೋಲಿಸಿ ನೋಡಬೇಕು. ಬಲಗೈಯಲ್ಲಿ ಜಾಸ್ತಿ ನೋವಾಗಿ ಕೈ ಎಳೆದುಕೊಂಡರೆ ಅದನ್ನು ಡಾಕ್ಟರಿಗೆ ಹೇಳಿ. ಇದೊಂದರಿಂದಲೇ ಮುರಿದಿದೆ ಅಂತ ಹೇಳಲು ಬರುವುದಿಲ್ಲ, ಆದರೆ ಮುಂದಿನ ಚಿತ್ರ ಯಾವುದು ಬೇಕು ಅನ್ನುವುದು ಇಂಥದ್ದರಿಂದಲೇ ತೀರ್ಮಾನ ಆಗುತ್ತದೆ.

ಈಗ ಎಕ್ಸ್‌ರೇಯಲ್ಲಿ ಯಾಕೆ ಕಾಣಲಿಲ್ಲ ಅನ್ನುವುದು. ಮಾಮೂಲಿ ಮಣಿಕಟ್ಟಿನ ಎಕ್ಸ್‌ರೇ ಅಂದರೆ ಎರಡು ಚಿತ್ರ, ಒಂದು ಎದುರಿನಿಂದ, ಒಂದು ಪಕ್ಕದಿಂದ. ಸ್ಕೇಫಾಯ್ಡ್ ಓರೆಯಾಗಿ ಕೂತಿರುವುದರಿಂದ ಎದುರಿನ ಚಿತ್ರದಲ್ಲಿ ಕುಗ್ಗಿದ ಹಾಗೆ ಕಾಣುತ್ತದೆ, ಪಕ್ಕದ ಚಿತ್ರದಲ್ಲಿ ಬೇರೆ ಎಲುಬುಗಳು ಅದರ ಮೇಲೆ ಬಂದುಬಿಡುತ್ತವೆ. ಕೂದಲೆಳೆಯಂಥ ಬಿರುಕು ಇದ್ದರೆ ಅದರೊಳಗೆ ಮುಚ್ಚಿಹೋಗುತ್ತದೆ. ಅದಕ್ಕೇ ಸ್ಕೇಫಾಯ್ಡ್ ವ್ಯೂ ಅಂತ ಬೇರೆಯೇ ಇದೆ. ಅಂಗೈ ಕೆಳಗೆ ಮಾಡಿ, ಹಸ್ತವನ್ನು ಕಿರುಬೆರಳಿನ ಕಡೆಗೆ ಎಷ್ಟು ಬಾಗುತ್ತದೋ ಅಷ್ಟು ಬಾಗಿಸುತ್ತೇವೆ, ಎಕ್ಸ್‌ರೇ ಟ್ಯೂಬನ್ನು ಮೊಣಕೈ ಕಡೆಗೆ 20ರಿಂದ 30 ಡಿಗ್ರಿ ಓರೆ ಮಾಡುತ್ತೇವೆ. ಆಗ ಎಲುಬು ಉದ್ದಕ್ಕೆ ಬಿಚ್ಚಿಕೊಂಡು ನಡು ಭಾಗ ಸ್ವಚ್ಛವಾಗಿ ಕಾಣುತ್ತದೆ. ಆದರೆ ಚೀಟಿಯಲ್ಲಿ ಬರೀ ಮಣಿಕಟ್ಟು ಅಂತ ಬರೆದು ಕಳಿಸಿದರೆ ಎಷ್ಟೋ ಕಡೆ ಎರಡೇ ಚಿತ್ರ ತೆಗೆದು ಕಳಿಸುತ್ತಾರೆ. ನಿಮ್ಮ ಹತ್ತಿರ ಇರುವ ಫಿಲ್ಮಿನಲ್ಲಿ ಎಷ್ಟು ಚಿತ್ರ ಇವೆ ನೋಡಿ.

ಎಲ್ಲ ವ್ಯೂ ತೆಗೆದರೂ ಮೊದಲ ದಿನ ನೂರರಲ್ಲಿ ಹತ್ತರಿಂದ ಇಪ್ಪತ್ತು ಸ್ಕೇಫಾಯ್ಡ್ ಬಿರುಕು ತಪ್ಪಿಹೋಗುವುದುಂಟು. ಹತ್ತು ಹನ್ನೆರಡು ದಿನ ಕಳೆದರೆ ಬಿರುಕಿನ ಅಂಚು ಸ್ವಲ್ಪ ಸವೆದು ಗೆರೆ ಅಗಲವಾಗುತ್ತದೆ, ಆಗ ಅದೇ ಎಕ್ಸ್‌ರೇಯಲ್ಲಿ ಕಾಣತೊಡಗುತ್ತದೆ. ಮತ್ತೆ ಬನ್ನಿ ಅಂತ ಎರಡು ವಾರಕ್ಕೆ ಕರೆಯುವುದು ಇದಕ್ಕೇ. ಆ ಮಾತನ್ನು ಜನ ಕಿವಿಗೆ ಹಾಕಿಕೊಳ್ಳುವುದಿಲ್ಲ ಅನ್ನುವುದೇ ನನ್ನ ಸಂಕಟ. ನಾರ್ಮಲ್ ಅಂದ ಮೇಲೆ ಮತ್ತೆ ಯಾಕೆ ಬರಬೇಕು ಅಂತ ಕೇಳುತ್ತಾರೆ.

ಈ ಎಲುಬಿಗೆ ಇಷ್ಟು ಕಾಳಜಿ ಯಾಕೆ ಅಂದರೆ, ಇದಕ್ಕೆ ರಕ್ತ ಬರುವುದು ಬಹುಪಾಲು ಎಲುಬಿನ ಹೆಬ್ಬೆರಳಿನ ಕಡೆಯ ತುದಿಯಿಂದ. ಅಲ್ಲಿಂದ ಹಿಂದಕ್ಕೆ, ಮುಂಗೈ ಕಡೆಗೆ ಹರಿಯುತ್ತದೆ. ನಡುವಿನಲ್ಲಿ ಮುರಿದರೆ ಹಿಂದಿನ ತುಂಡಿಗೆ ರಕ್ತ ಕಡಿಮೆಯಾಗುತ್ತದೆ. ಅದು ಕೂಡದೆ ಉಳಿಯಬಹುದು, ಕೆಲವರಲ್ಲಿ ಆ ತುಂಡು ಸತ್ತೇ ಹೋಗುತ್ತದೆ. ವರ್ಷಗಳು ಕಳೆದ ಮೇಲೆ ಮಣಿಕಟ್ಟು ಪೂರ್ತಿ ಸವೆಯುತ್ತದೆ. ಇಪ್ಪತ್ತನಾಲ್ಕರ ಹುಡುಗನಿಗೆ, ಅದೂ ತೋಟದ ಕೆಲಸ ಮಾಡುವವನಿಗೆ, ಬಲಗೈ ಮಣಿಕಟ್ಟು ಅಂದರೆ ಜೀವನ.

ನಾಳೆಯೇ ಹೋಗಿ. ಅಲ್ಲಿಯವರೆಗೆ ಹೆಬ್ಬೆರಳೂ ಸೇರಿ ಹಿಡಿಯುವ ಸ್ಪ್ಲಿಂಟ್ ಸಿಕ್ಕರೆ ಹಾಕಿ, ಆ ಕೈಯಲ್ಲಿ ಭಾರ ಎತ್ತುವುದು ಬೇಡ. ಎಕ್ಸ್‌ರೇಗೆ ಹೋಗುವಾಗ ಉಂಗುರ, ಕಡಗ, ಕೈಗೆ ಕಟ್ಟಿದ ತಾಯಿತ ಎಲ್ಲ ಬಿಚ್ಚಿ ಹೋಗಿ. 1895ರ ಡಿಸೆಂಬರ್ 22ರಂದು ರಾಂಟ್ಜೆನ್ ತಮ್ಮ ಹೆಂಡತಿಯ ಕೈಯ ಚಿತ್ರ ತೆಗೆದಾಗಲೂ ಅದರಲ್ಲಿ ಎದ್ದು ಕಂಡದ್ದು ಬೆರಳಿನ ಉಂಗುರವೇ. ಲೋಹದ ಹಿಂದೆ ಇರುವುದು ನಮಗೆ ಕಾಣುವುದಿಲ್ಲ.


ಬಾಳೆಸರ, ಸಿದ್ದಾಪುರ:

ಕಾಳಿದಂಡೆಯವರು ಹೇಳಿದ್ದು ಸರಿ. ಆದರೆ ಎರಡು ವಾರ ಕಾದು ಮತ್ತೆ ಎಕ್ಸ್‌ರೇ ಅನ್ನುವುದು ನನಗೆ ಒಪ್ಪಿಗೆ ಇಲ್ಲ. ದುಡಿಯುವವರಿಗೆ ಎರಡು ವಾರ ಪ್ಲಾಸ್ಟರ್ ಹಾಕಿಕೊಂಡು ಕೂರುವುದು ಸಣ್ಣ ವಿಷಯ ಅಲ್ಲ. ಆಮೇಲೆ ಏನೂ ಇರಲಿಲ್ಲ ಅಂದರೆ ಅಷ್ಟೂ ದಿನದ ಕೂಲಿ ಹೋಯಿತು. ನೇರವಾಗಿ ಎಂಆರ್‌ಐ ಮಾಡಿಸಿದರೆ ಅವತ್ತೇ ಗೊತ್ತಾಗುತ್ತದೆ ಅಲ್ವಾ? ನಮ್ಮ ಕಡೆ ಜನರಿಗೆ ಎಂಆರ್‌ಐ ಅಂದರೆ ಕೊನೆಯ ದಾರಿ ಅನ್ನುವ ಭಾವನೆ ಇದೆ. ಘಟ್ಟ ಇಳಿದು ಇಲ್ಲವೇ ಹುಬ್ಬಳ್ಳಿ, ಮಣಿಪಾಲ ಅಂತ ಹೋಗಬೇಕಾದ್ದರಿಂದ ಹಾಗೆ ಅನಿಸುತ್ತದೆ. ಜಿಲ್ಲೆಗೆ ಒಂದು ಒಳ್ಳೆಯ ದೊಡ್ಡ ಆಸ್ಪತ್ರೆ ಬೇಕು ಅಂತ 2019ರಲ್ಲೂ 2022ರಲ್ಲೂ ಜನ ದನಿ ಎತ್ತಿದ್ದು ಸುಮ್ನೆ ಅಲ್ಲ.


ದೇವಿಮನೆ ಘಟ್ಟ:

ಬಾಳೆಸರ ಅವರ ಮಾತಿನಲ್ಲಿ ಅರ್ಥ ಇದೆ. ನಾನು ಎಂಬಿಬಿಎಸ್ ಮುಗಿಸಿ ಹುಬ್ಬಳ್ಳಿಯಲ್ಲಿ ಕೆಲಸ ಮಾಡುತ್ತಿದ್ದೇನೆ, ಮನೆ ಶಿರಸಿ ತಾಲೂಕು. ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2016ರಲ್ಲಿ ತಂದ ಮಾರ್ಗಸೂಚಿಯಲ್ಲೂ ಸ್ಕೇಫಾಯ್ಡ್ ಅನುಮಾನ ಇದ್ದರೆ, ಕೈಯನ್ನು ಸರಿಯಾಗಿ ಪರೀಕ್ಷೆ ಮಾಡಿದ ಮೇಲೆ, ಮೊದಲ ಚಿತ್ರವಾಗಿಯೇ ಎಂಆರ್‌ಐ ಯೋಚಿಸಬಹುದು ಅಂದಿದ್ದಾರೆ. ಎಂಆರ್‌ಐ ಎಲುಬಿನ ಒಳಗಿನ ಮಜ್ಜೆಯಲ್ಲಿ ನೀರು ಕಟ್ಟಿದ್ದನ್ನು ತೋರಿಸುತ್ತದೆ. ಬಿರುಕು ಬಿಟ್ಟ ಮೊದಲ ದಿನಗಳಲ್ಲೇ ಅದು ಕಾಣುತ್ತದೆ. ಬಿರುಕಿಲ್ಲದೆ ಬರೀ ಎಲುಬು ಜಜ್ಜಿದ್ದರೂ ತಿಳಿಯುತ್ತದೆ, ಎಲುಬುಗಳನ್ನು ಹಿಡಿದಿಟ್ಟ ಕಟ್ಟುಗಳು ಹರಿದಿದ್ದರೂ ಗೊತ್ತಾಗುತ್ತದೆ. ಎಕ್ಸ್‌ರೇಯಲ್ಲಿ ಈ ಕಟ್ಟುಗಳು ಕಾಣುವುದೇ ಇಲ್ಲ. ಸ್ಕೇಫಾಯ್ಡ್‌ಗೂ ಪಕ್ಕದ ಲೂನೇಟ್ ಎಲುಬಿಗೂ ನಡುವೆ ಜಾಗ 3 ಮಿಲಿಮೀಟರಿಗಿಂತ ಜಾಸ್ತಿ ಬಿಟ್ಟಿದ್ದರೆ ಕಟ್ಟು ಹರಿದಿದೆ ಅಂತ ಊಹಿಸಬಹುದು, ಅಷ್ಟೇ. ಅದೂ ಮುಷ್ಟಿ ಬಿಗಿಹಿಡಿದು ತೆಗೆದ ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ.

ಆದರೆ ಇಲ್ಲಿ ಇನ್ನೊಂದು ಲೆಕ್ಕ ಇದೆ. ಬಿದ್ದು ವಾರದ ಮೇಲಾಗಿದೆ ಅಂತಾರೆ. ಮತ್ತೆ ಎಕ್ಸ್‌ರೇ ತೆಗೆದರೆ ಕಾಣುವ ಸಮಯ ಈಗ ಹತ್ತಿರವೇ ಬಂದಿದೆ. ಬಿದ್ದ ಎರಡನೇ ದಿನ ಈ ಪ್ರಶ್ನೆ ಬಂದಿದ್ದರೆ ಸಾಧ್ಯವಾದರೆ ಎಂಆರ್‌ಐಗೇ ಹೋಗಿ ಅನ್ನುತ್ತಿದ್ದೆ. ಈಗ ಮೊದಲು ಶಿರಸಿಯಲ್ಲೇ ಸ್ಕೇಫಾಯ್ಡ್ ವ್ಯೂ ಸೇರಿಸಿ ನಾಲ್ಕು ಚಿತ್ರ ತೆಗೆಸಿ. ಅದರಲ್ಲಿ ಗೆರೆ ಕಂಡರೆ ಹುಬ್ಬಳ್ಳಿಯ ಓಡಾಟ ಉಳಿಯಿತು. ಕಾಣದೆ ಹೋಗಿ, ಗುಳಿಯಲ್ಲಿ ನೋವು ಹಾಗೇ ಇದ್ದರೆ ಆಗ ಎಂಆರ್‌ಐ ಬಿಡಬೇಡಿ.

ಹೋಗುವ ಮೊದಲು ಫೋನ್ ಮಾಡಿ ಕೇಳಿ, ಮಣಿಕಟ್ಟಿಗೆ ಬೇಕಾದ ಸಣ್ಣ ಕಾಯಿಲ್ (ಚಿತ್ರದ ಸಂಕೇತ ಹಿಡಿಯಲು ಕೈ ಸುತ್ತ ಇಡುವ ಭಾಗ) ಇದೆಯಾ ಅಂತ. ಯಂತ್ರದ ಅಯಸ್ಕಾಂತದ ಬಲ 1.5 ಟೆಸ್ಲಾ ಇದ್ದರೆ ಸಾಕು, ಆದರೆ ಕೈಗೆ ಸರಿಹೊಂದುವ ಕಾಯಿಲ್ ಇಲ್ಲದೆ ದೊಡ್ಡದರಲ್ಲಿ ತೆಗೆದರೆ ಇಷ್ಟು ಸಣ್ಣ ಎಲುಬಿನ ಚಿತ್ರ ಮಸುಕಾಗುತ್ತದೆ. ಕೆಲವು ಕಡೆ ಬೋರಲಾಗಿ ಮಲಗಿಸಿ ಕೈಯನ್ನು ತಲೆಯ ಮುಂದಕ್ಕೆ ಚಾಚಿಸುತ್ತಾರೆ, ಯಂತ್ರದ ನಟ್ಟನಡುವೆ ಚಿತ್ರ ಚೆನ್ನಾಗಿ ಬರುತ್ತದೆ ಅಂತ. ಹಾಗೆ ಅರ್ಧ ಗಂಟೆಯವರೆಗೂ ಅಲ್ಲಾಡದೆ ಇರಬೇಕಾಗಬಹುದು. ಭುಜ ನೋಯುವವರಿಗೆ ಇದು ಕಷ್ಟ, ಅಂಥವರು ಮೊದಲೇ ಹೇಳಿದರೆ ಕೈ ಪಕ್ಕಕ್ಕೆ ಇಟ್ಟು ತೆಗೆಯುತ್ತಾರೆ. ಶಬ್ದ ಜೋರಾಗಿರುತ್ತದೆ, ಕಿವಿಗೆ ಮುಚ್ಚಲು ಕೊಡುತ್ತಾರೆ. ಪೇಸ್‌ಮೇಕರ್ ಇದ್ದವರು, ವೆಲ್ಡಿಂಗ್ ಇಲ್ಲವೇ ಗ್ರೈಂಡಿಂಗ್ ಕೆಲಸದಲ್ಲಿ ಕಣ್ಣಿಗೆ ಕಬ್ಬಿಣದ ಕಣ ಹೊಕ್ಕವರು ಒಳಗೆ ಹೋಗುವ ಮೊದಲೇ ಹೇಳಬೇಕು. ಬೋಟಿನ ಕೆಲಸದವರು ನಮ್ಮ ಕಡೆ ಜಾಸ್ತಿ ಇದ್ದಾರೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.


ತೋಟದದಾರಿ, ಶಿರಸಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಳೆಯ ಫಿಲ್ಮ್ ತೆಗೆದು ನೋಡಿದೆ, ಎರಡೇ ಚಿತ್ರ ಇದ್ದವು. ಇವತ್ತು ಬೇರೆ ಎಲುಬಿನ ಡಾಕ್ಟರಿಗೆ ತೋರಿಸಿದೆವು. ಅವರು ಗುಳಿಯಲ್ಲಿ ಒತ್ತಿದಾಗ ತಮ್ಮ ಕುರ್ಚಿಯಿಂದಲೇ ಎದ್ದ. ಸ್ಕೇಫಾಯ್ಡ್ ವ್ಯೂ ತೆಗೆದರು. ಎಲುಬಿನ ನಡುವೆ ಅಡ್ಡಕ್ಕೆ ತೆಳ್ಳಗಿನ ಕಪ್ಪು ಗೆರೆ ಇದೆ, ನನಗೂ ತೋರಿಸಿದರು. ತೋರಿಸಿದ ಮೇಲೆ ಕಾಣುತ್ತದೆ, ತೋರಿಸದೆ ಇದ್ದರೆ ಗೊತ್ತಾಗುತ್ತಿರಲಿಲ್ಲ. ಪ್ಲಾಸ್ಟರ್ ಹಾಕಿದ್ದಾರೆ. ಆದರೆ ಸಿಟಿ ಸ್ಕ್ಯಾನ್ ಕೂಡ ಮಾಡಿಸಿ ಅಂದಿದ್ದಾರೆ. ಮುರಿದದ್ದು ಗೊತ್ತಾಯಿತಲ್ಲ, ಮತ್ತೆ ಸಿಟಿ ಯಾಕೆ? ಎಂಆರ್‌ಐ ಬೇಡವಾ ಹಾಗಾದರೆ?


ಕಾಳಿದಂಡೆ, ಕಾರವಾರ:

ಸಿಕ್ಕಿತಲ್ಲ, ಅದೇ ದೊಡ್ಡ ಸಮಾಧಾನ.

ಸಿಟಿಯ ಪ್ರಶ್ನೆ ಬೇರೆ. ಮುರಿದಿದೆಯೋ ಇಲ್ಲವೋ ಅನ್ನುವುದಕ್ಕೆ ಎಂಆರ್‌ಐ ಒಳ್ಳೆಯದು. ತುಂಡುಗಳು ಜಾಗದಲ್ಲೇ ಇವೆಯೋ, ಜರುಗಿವೆಯೋ ಅಂತ ನೋಡಲು ಸಿಟಿ ಒಳ್ಳೆಯದು. ಸಿಟಿಯಲ್ಲಿ ಎಲುಬನ್ನು ತೆಳ್ಳಗೆ ಪದರ ಪದರವಾಗಿ, ಅದರ ಉದ್ದಕ್ಕೇ ಹೊಂದಿಸಿ ನೋಡಬಹುದು. 1 ಮಿಲಿಮೀಟರಿಗಿಂತ ಜಾಸ್ತಿ ಜರುಗಿದ್ದರೆ ಇಲ್ಲವೇ ಎಲುಬು ನಡುವಿನಲ್ಲಿ ಬಾಗಿದ್ದರೆ ಸಾಮಾನ್ಯವಾಗಿ ಸ್ಕ್ರೂ ಹಾಕುವ ಮಾತು ಬರುತ್ತದೆ. ಜರುಗಿಲ್ಲದಿದ್ದರೆ ಪ್ಲಾಸ್ಟರಿನಲ್ಲೇ ಕೂಡುತ್ತದೆ, ನಡುವಿನ ಬಿರುಕಿಗೆ ಎಂಟರಿಂದ ಹನ್ನೆರಡು ವಾರ ಬೇಕಾಗುತ್ತದೆ. ಮುಂಗೈ ಕಡೆಯ ತುದಿಯಲ್ಲಿ ಮುರಿದಿದ್ದರೆ ಇನ್ನೂ ಜಾಸ್ತಿ. ಅಷ್ಟು ಸಣ್ಣ ಅಂತರವನ್ನು ಎಕ್ಸ್‌ರೇ ನೋಡಿ ಹೇಳಲು ಹೋದರೆ ತಪ್ಪಾಗಬಹುದು. ನಿಮ್ಮ ಡಾಕ್ಟರ್ ಸರಿಯಾಗಿಯೇ ಕೇಳಿದ್ದಾರೆ.

ಪ್ಲಾಸ್ಟರ್ ಮೇಲೆಯೇ ಸಿಟಿ ತೆಗೆಯಬಹುದು, ಬಿಚ್ಚಬೇಕಾಗಿಲ್ಲ. ಪ್ಲಾಸ್ಟರ್ ಬಿಚ್ಚುವ ಸಮಯ ಬಂದಾಗ ಕೂಡಿದೆಯಾ ಅಂತ ನೋಡಲು ಮತ್ತೊಮ್ಮೆ ಸಿಟಿ ಹೇಳಿದರೂ ಹೇಳಬಹುದು. ನೋವು ಹೋಯಿತು ಅಂತ ನಡುವೆ ನೀವೇ ಬಿಚ್ಚಬೇಡಿ. ಮಳೆಗಾಲ ಬೇರೆ, ಪ್ಲಾಸ್ಟರ್ ನೆನೆಯದ ಹಾಗೆ ನೋಡಿಕೊಳ್ಳಿ. ಆಯಿಗೂ ತಿಳಿಸಿ ಹೇಳಿ, ಈ ಎಲುಬು ಕೂಡುವುದು ಅಲ್ಲಾಡದೆ ಇದ್ದರೆ ಮಾತ್ರ.


ಬೇಲೆಕಡಲು, ಅಂಕೋಲಾ:

ನಡುವೆ ನನ್ನದೊಂದು ಪ್ರಶ್ನೆ. ಮಗಳಿಗೆ ಆರು ವರ್ಷ, ಶಾಲೆಯಲ್ಲಿ ಬಿದ್ದು ಮೊಣಕೈ ಊದಿಕೊಂಡಿದೆ. ಎರಡೂ ಮೊಣಕೈಯ ಎಕ್ಸ್‌ರೇ ತೆಗೆಯಬೇಕು ಅಂದರು. ಪೆಟ್ಟಾದದ್ದು ಒಂದು ಕೈಗೆ, ಇನ್ನೊಂದು ಯಾಕೆ? ನಾವು ಮೊದಲೇ ಕೈಗಾ ಅಣುಸ್ಥಾವರದ ಹತ್ತಿರ ಇರುವವರು, ಮನೆಯಲ್ಲಿ ಎಲ್ಲರಿಗೂ ವಿಕಿರಣ ಅಂದರೆ ಹೆದರಿಕೆ. ಚಿಕ್ಕ ಮಗುವಿಗೆ ಇಷ್ಟೆಲ್ಲ ತೆಗೆಸಬಹುದಾ?


ಕಾಳಿದಂಡೆ, ಕಾರವಾರ:

ನಿಮ್ಮ ಹೆದರಿಕೆ ಅರ್ಥವಾಗುತ್ತದೆ. ಈ ಮಾತನ್ನು ನಾನು ಕೆಲಸದಲ್ಲಿ ದಿನಾ ಕೇಳುತ್ತೇನೆ. ಅದಕ್ಕೇ ಲೆಕ್ಕ ಹೇಳುತ್ತೇನೆ.

ಮಣ್ಣು, ಕಲ್ಲು, ಗಾಳಿ, ಆಕಾಶ, ತಿನ್ನುವ ಊಟ, ಇವುಗಳಿಂದ ಭೂಮಿಯ ಮೇಲಿನ ಎಲ್ಲರಿಗೂ ಸಹಜವಾಗಿಯೇ ವಿಕಿರಣ ಬರುತ್ತದೆ. ಜಗತ್ತಿನ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್ (ದೇಹಕ್ಕೆ ಬರುವ ವಿಕಿರಣದ ಅಳತೆ). ಕೈಯ ಒಂದು ಎಕ್ಸ್‌ರೇಯಿಂದ ದೇಹಕ್ಕೆ ಸಿಗುವುದು ಸುಮಾರು 0.001 ಮಿಲಿಸೀವರ್ಟ್. ಅಂದರೆ ಮನೆಯಲ್ಲಿ ಸುಮ್ನೆ ಕೂತಾಗ ಮೂರು ನಾಲ್ಕು ಗಂಟೆಯಲ್ಲಿ ಬರುವಷ್ಟು. ಹೊಟ್ಟೆ, ಎದೆ ಎಲ್ಲ ದೂರ ಇರುವುದರಿಂದ ಕೈಯ ಚಿತ್ರದಲ್ಲಿ ಇಷ್ಟು ಕಡಿಮೆ. ಮಣಿಕಟ್ಟಿನ ಸಿಟಿ ಇದಕ್ಕಿಂತ ಜಾಸ್ತಿ, ಆದರೆ ಹೊಟ್ಟೆಯ ಸಿಟಿಗೆ ಹೋಲಿಸಿದರೆ ಬಹಳ ಕಡಿಮೆ. ಎಂಆರ್‌ಐ, ಅಲ್ಟ್ರಾಸೌಂಡ್ ಎರಡರಲ್ಲೂ ಎಕ್ಸ್‌ರೇ ಇಲ್ಲವೇ ಇಲ್ಲ. ಗರ್ಭಿಣಿಯರು ಮಾತ್ರ ಯಾವ ಚಿತ್ರವೇ ಇರಲಿ ಮೊದಲು ಹೇಳಲೇಬೇಕು.

ಎರಡೂ ಮೊಣಕೈ ಯಾಕೆ ಅಂದರೆ, ಮಕ್ಕಳ ಮೊಣಕೈ ಹುಟ್ಟಿದಾಗ ಬಹುಪಾಲು ಮೆದು ಎಲುಬು. ಅದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಹೆಚ್ಚುಕಡಿಮೆ ಒಂದು ವರ್ಷದಿಂದ ಹನ್ನೊಂದು ವರ್ಷದವರೆಗೆ ಆರು ಜಾಗದಲ್ಲಿ ಒಂದರ ನಂತರ ಒಂದು ಗಟ್ಟಿ ಎಲುಬು ಮೂಡುತ್ತಾ ಹೋಗುತ್ತದೆ. ಆರು ವರ್ಷದ ಮಗುವಿನ ಚಿತ್ರದಲ್ಲಿ ಅಲ್ಲಲ್ಲಿ ಬಿಡಿ ಬಿಡಿ ತುಣುಕು ಕಾಣುತ್ತವೆ. ಅದು ಬೆಳೆಯುವ ಎಲುಬೋ, ಮುರಿದ ಚೂರೋ ಅಂತ ಅನುಮಾನ ಬಂದಾಗ ಒಳ್ಳೆಯ ಕೈ ಪಕ್ಕಕ್ಕಿಟ್ಟು ನೋಡಿದರೆ ತಿಳಿಯುತ್ತದೆ. ಎಲ್ಲ ಮಕ್ಕಳಿಗೂ ಎರಡೂ ಕೈ ತೆಗೆಯಬೇಕು ಅಂತಿಲ್ಲ, ಅನುಮಾನ ಇದ್ದಾಗ ಮಾತ್ರ. ಪಕ್ಕದ ಚಿತ್ರದಲ್ಲಿ ಮೊಣಕೈ ಹಿಂದೆ ಕಪ್ಪಗೆ ಕೊಬ್ಬಿನ ನೆರಳು ಎದ್ದು ಕಂಡರೆ ಕೀಲಿನ ಒಳಗೆ ರಕ್ತ ತುಂಬಿದೆ ಅಂತ ಅರ್ಥ. ಬಿರುಕು ಕಾಣದಿದ್ದರೂ ಪ್ಲಾಸ್ಟರ್ ಹಾಕಿ ಮತ್ತೆ ಕರೆಯುತ್ತಾರೆ. ತೆಗೆಸಿ, ಹೆದರಬೇಡಿ. ತೆಗೆಯುವಾಗ ಮಗುವಿನ ಕೈ ಹಿಡಿಯಲು ನೀವೇ ಇದ್ದರೆ ಸೀಸದ ಏಪ್ರನ್ ಕೇಳಿ ಹಾಕಿಕೊಳ್ಳಿ. ಮಗು ಅಲ್ಲಾಡದೆ ಇದ್ದರೆ ಒಂದೇ ಸಲಕ್ಕೆ ಮುಗಿಯುತ್ತದೆ.


ಅಘನಾಶಿನಿ, ಕುಮಟಾ:

ಭುಜದ ಬಗ್ಗೆ ಕೇಳಬಹುದಾ? ನನಗೆ ಐವತ್ತೆರಡು. ಶುಗರ್ ಇದೆ. ಕೆಲವು ತಿಂಗಳಿಂದ ಎಡಭುಜ ಹಿಡಿದುಕೊಂಡಿದೆ. ಜಡೆ ಹಾಕಲು ಕೈ ಹಿಂದೆ ಹೋಗುವುದಿಲ್ಲ, ರಾತ್ರಿ ಆ ಮಗ್ಗುಲಿಗೆ ಮಲಗಲಿಕ್ಕೆ ಆಗುವುದಿಲ್ಲ. ಡಾಕ್ಟರ್ ಒಂದು ಎಕ್ಸ್‌ರೇ ಮಾತ್ರ ತೆಗೆಸಿದರು, ನಾರ್ಮಲ್ ಇದೆ, ವ್ಯಾಯಾಮ ಮಾಡಿ ಅಂದರು. ಪಕ್ಕದ ಮನೆಯವರಿಗೆ ಎಂಆರ್‌ಐ ಮಾಡಿಸಿ ನರ ಹರಿದಿದೆ ಅಂತ ಆಪರೇಷನ್ ಹೇಳಿದ್ದಾರೆ. ಈ ಚರ್ಚೆ ಓದಿದ ಮೇಲೆ ನನಗೂ ಎಂಆರ್‌ಐ ಬೇಕಿತ್ತೇನೋ ಅನಿಸುತ್ತಿದೆ.


ಶರಾವತಿ ತೀರ, ಹೊನ್ನಾವರ:

ನಾನು ಫಿಸಿಯೋಥೆರಪಿಸ್ಟ್. ಅಮ್ಮ, ನಿಮ್ಮದು ಮೇಲಿನ ಕಥೆಗಿಂತ ಬೇರೆ, ಎರಡನ್ನೂ ಒಂದೇ ಅಂತ ನೋಡಬೇಡಿ. ಅಲ್ಲಿ ಚಿತ್ರ ಇಲ್ಲದೆ ದಾರಿ ಇರಲಿಲ್ಲ. ನಿಮ್ಮದರಲ್ಲಿ ಕೈ ಹಿಡಿದು ನೋಡಿದರೇ ಬಹಳ ಮಟ್ಟಿಗೆ ಗೊತ್ತಾಗುತ್ತದೆ.

ಹೀಗೆ ನೋಡಿ. ಮೊಣಕೈಯನ್ನು ಸೊಂಟಕ್ಕೆ ಅಂಟಿಸಿ, ಮುಂಗೈಯನ್ನು ಬಾಗಿಲು ತೆರೆದ ಹಾಗೆ ಹೊರಕ್ಕೆ ತಿರುಗಿಸಿ. ಆಗದಿದ್ದರೆ ಮನೆಯವರು ಯಾರಾದರೂ ಮೆಲ್ಲಗೆ ತಿರುಗಿಸಲಿ. ನೀವು ತಿರುಗಿಸಿದರೂ ಹೋಗುವುದಿಲ್ಲ, ಅವರು ತಿರುಗಿಸಿದರೂ ಅಲ್ಲೇ ಬಿಗಿದು ನಿಲ್ಲುತ್ತದೆ ಅಂದರೆ ಅದು ಸಾಮಾನ್ಯವಾಗಿ ಫ್ರೋಜನ್ ಶೋಲ್ಡರ್. ಕೀಲಿನ ಸುತ್ತಲಿನ ಚೀಲ ದಪ್ಪವಾಗಿ ಬಿಗಿದುಕೊಂಡಿರುತ್ತದೆ. ಶುಗರ್ ಇದ್ದವರಲ್ಲಿ ಇದು ಜಾಸ್ತಿ. ನಿಮಗೆ ಆಗುವುದಿಲ್ಲ, ಆದರೆ ಇನ್ನೊಬ್ಬರು ಎತ್ತಿದರೆ ಕೈ ಪೂರ್ತಿ ಹೋಗುತ್ತದೆ ಅಂದರೆ ನರ ಹರಿದಿರುವ ಅನುಮಾನ. ನರ ಅಂತ ನಾವು ರೂಢಿಯಲ್ಲಿ ಹೇಳುವುದು, ಅದು ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ.

ಫ್ರೋಜನ್ ಶೋಲ್ಡರಿನಲ್ಲಿ ಎಕ್ಸ್‌ರೇ ನಾರ್ಮಲ್ ಬರುವುದೇ ಸರಿ. ಹಾಗಿದ್ದರೆ ಯಾಕೆ ತೆಗೆಸಿದರು ಅಂದರೆ, ಕೀಲು ಸವೆದಿದ್ದರೂ ಕೈ ಹೀಗೇ ಬಿಗಿಯುತ್ತದೆ. ಹುರಿಯಲ್ಲಿ ಸುಣ್ಣ ಕಟ್ಟಿದ್ದರೂ ರಾತ್ರಿ ನಿದ್ದೆ ಬರುವುದಿಲ್ಲ. ಅವೆರಡೂ ಎಕ್ಸ್‌ರೇಯಲ್ಲಿ ಕಾಣುತ್ತವೆ. ಅವು ಇಲ್ಲ ಅಂತಾದ ಮೇಲೆ ವ್ಯಾಯಾಮ ಹೇಳಿದ್ದಾರೆ. ನಿಮ್ಮ ಡಾಕ್ಟರ್ ದಾರಿ ತಪ್ಪಿಲ್ಲ.

ಎಂಆರ್‌ಐ ಈಗ ಮಾಡಿಸಿದರೆ ಇನ್ನೊಂದು ತೊಂದರೆ ಇದೆ. ಐವತ್ತು ದಾಟಿದ ಮೇಲೆ ನೋವೇ ಇಲ್ಲದವರ ಭುಜದಲ್ಲೂ ಹುರಿ ಸವೆದದ್ದು, ಅರ್ಧ ಹರಿದದ್ದು ಕಾಣುತ್ತದೆ, ಅರವತ್ತು ದಾಟಿದವರಲ್ಲಿ ಅದು ಇನ್ನೂ ಸಾಮಾನ್ಯ. ರಿಪೋರ್ಟಿನಲ್ಲಿ ಹರಿದಿದೆ ಅಂತ ಬರೆದಿರುವುದನ್ನು ನೋಡಿದ ಕೂಡಲೇ ಜನ ಕೈ ಎತ್ತುವುದನ್ನೇ ಬಿಡುತ್ತಾರೆ, ಭುಜ ಇನ್ನೂ ಬಿಗಿಯುತ್ತದೆ. ನನ್ನ ಹತ್ತಿರ ಬರುವವರಲ್ಲಿ ಇದನ್ನು ಕಂಡು ಬೇಜಾರಾಗಿದೆ. ನೋವಿಗೆ ಕಾರಣ ರಿಪೋರ್ಟಿನ ಆ ಸಾಲೇನಾ ಅಂತ ಭುಜ ಪರೀಕ್ಷೆ ಮಾಡಿದವರು ಹೇಳಬೇಕು.

ಹುರಿಯ ಅನುಮಾನ ನಿಜವಾಗಿ ಇದ್ದರೆ ಮೊದಲು ಅಲ್ಟ್ರಾಸೌಂಡ್ ಸಾಕಾಗಬಹುದು. ಖರ್ಚು ಕಡಿಮೆ, ಕೈ ಆಡಿಸುತ್ತಲೇ ನೋಡಬಹುದು. ಕೈ ಎತ್ತಿದಾಗ ಹುರಿ ಮೇಲಿನ ಎಲುಬಿಗೆ ಸಿಕ್ಕಿಕೊಳ್ಳುತ್ತದಾ ಅಂತ ಪರದೆಯ ಮೇಲೆ ಕಾಣುತ್ತದೆ, ಎಂಆರ್‌ಐಯಲ್ಲಿ ಆ ಅನುಕೂಲ ಇಲ್ಲ. ಆದರೆ ಇದು ಮಾಡುವವರ ಕೈಚಳಕದ ಮೇಲೆ ನಿಂತಿದೆ. ಭುಜದ ಅಲ್ಟ್ರಾಸೌಂಡ್ ರೂಢಿ ಇರುವ ರೇಡಿಯಾಲಜಿಸ್ಟ್ ಯಾರು ಅಂತ ಎಲುಬಿನ ಡಾಕ್ಟರನ್ನೇ ಕೇಳಿ. ಹೆಬ್ಬೆರಳಿನ ಬುಡದ ಹುರಿ ಊದಿಕೊಳ್ಳುವುದು, ಬೆರಳು ಮಡಚಿದರೆ ಸಿಕ್ಕಿಕೊಳ್ಳುವುದು, ಮಣಿಕಟ್ಟಿನ ಮೇಲೆ ಗಂಟು ಬರುವುದು, ಇವಕ್ಕೂ ಅಲ್ಟ್ರಾಸೌಂಡ್ ಚೆನ್ನಾಗಿ ಆಗುತ್ತದೆ.

ಬಿದ್ದ ಕೂಡಲೇ ಕೈ ಎತ್ತಲು ಆಗದೆ ಹೋದವರು ಮಾತ್ರ ಕಾಯಬಾರದು. ಬೋಟಿನಲ್ಲಿ ಹಗ್ಗ ಜಗ್ಗುವಾಗ ಪಟ್ ಅಂತ ಶಬ್ದ ಆಗಿ ಭುಜ ಸೋತವರು ಜೂನ್, ಜುಲೈ ಮೀನುಗಾರಿಕೆ ಬಂದ್ ಬರಲಿ, ಆಗ ತೋರಿಸೋಣ ಅಂತ ಮುಂದೂಡುತ್ತಾರೆ. ಅಷ್ಟರಲ್ಲಿ ಹರಿದ ಹುರಿ ಹಿಂದಕ್ಕೆ ಎಳೆದುಕೊಂಡು ಸ್ನಾಯುವಿನಲ್ಲಿ ಕೊಬ್ಬು ತುಂಬುತ್ತದೆ. ಎಂಆರ್‌ಐಯಲ್ಲಿ ಆ ಕೊಬ್ಬು ಕಂಡರೆ ಹೊಲಿಗೆ ನಿಲ್ಲುವ ಭರವಸೆ ಕಡಿಮೆಯಾಗುತ್ತದೆ.

ನಿಮಗೆ ಮೊದಲು ಬೇಕಾದದ್ದು ಶುಗರ್ ಹತೋಟಿ ಮತ್ತು ದಿನಾ ತಪ್ಪದೆ ವ್ಯಾಯಾಮ. ಒಂದರಿಂದ ಮೂರು ವರ್ಷದವರೆಗೂ ಹಿಡಿಯಬಹುದು, ಆದರೆ ಬಹಳ ಜನರಿಗೆ ಬಿಡುತ್ತದೆ. ನೋವು ತಡೆಯಲಾಗದಿದ್ದರೆ ಕೀಲಿನೊಳಗೆ ಇಂಜೆಕ್ಷನ್ ಬಗ್ಗೆ ಕೇಳಿ. ಅದು ಸ್ವಲ್ಪ ದಿನ ಶುಗರ್ ಏರಿಸುತ್ತದೆ, ಅದನ್ನೂ ಡಾಕ್ಟರಿಗೆ ನೆನಪಿಸಿ.


ಅಘನಾಶಿನಿ, ಕುಮಟಾ:

ಮಗನ ಹತ್ತಿರ ತಿರುಗಿಸಿ ನೋಡಿದೆ, ಅವನು ತಿರುಗಿಸಿದರೂ ಹೋಗುವುದಿಲ್ಲ. ಮನಸ್ಸಿಗೆ ಸಮಾಧಾನ ಆಯಿತು, ವ್ಯಾಯಾಮಕ್ಕೆ ಹೋಗುತ್ತೇನೆ. ಇನ್ನೊಂದೇ ಪ್ರಶ್ನೆ. ತಂಗಿಗೆ ಎರಡೂ ಕೈಯ ಬೆರಳಿನ ಗೆಣ್ಣು ಊದಿ, ಬೆಳಗ್ಗೆ ಎದ್ದರೆ ಒಂದು ತಾಸಿನ ಮೇಲೂ ಮುಷ್ಟಿ ಕಟ್ಟಲು ಬರುವುದಿಲ್ಲ. ಅವಳದೂ ಎಕ್ಸ್‌ರೇ ನಾರ್ಮಲ್ ಅಂದಿದ್ದಾರೆ. ಅವಳೂ ಹೀಗೇ ಕಾಯಬಹುದಾ?


ದೇವಿಮನೆ ಘಟ್ಟ:

ಇಲ್ಲ, ಅವರು ಕಾಯಬಾರದು. ಎರಡೂ ಕೈ, ಸಣ್ಣ ಕೀಲು, ಬೆಳಗಿನ ಬಿಗಿತ ತಾಸಿನ ಮೇಲೆ, ಇವು ರುಮಟಾಯ್ಡ್ ಸಂಧಿವಾತದ ಲಕ್ಷಣಗಳು. ಅದರಲ್ಲಿ ಶುರುವಿನ ಎಕ್ಸ್‌ರೇ ನಾರ್ಮಲ್ ಇರುವುದೇ ಹೆಚ್ಚು. ಎಲುಬು ತಿಂದುಹೋದದ್ದು ಎಕ್ಸ್‌ರೇಯಲ್ಲಿ ಕಾಣುವ ಹೊತ್ತಿಗೆ ತಡವಾಗಿರುತ್ತದೆ, ಹೋದ ಎಲುಬು ಮೊದಲಿನ ಹಾಗೆ ಆಗುವುದಿಲ್ಲ. ಗೆಣ್ಣಿನ ಅಲ್ಟ್ರಾಸೌಂಡನ್ನು ಡಾಪ್ಲರ್ (ರಕ್ತದ ಹರಿವು ತೋರಿಸುವ ವಿಧಾನ) ಸೇರಿಸಿ ಮಾಡಿದರೆ ಕೀಲಿನ ಒಳಪೊರೆ ಊದಿ ರಕ್ತ ಓಡಾಡುವುದು ಮೊದಲೇ ಕಾಣುತ್ತದೆ. ರಕ್ತ ಪರೀಕ್ಷೆಯೂ ಬೇಕು, ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ, ಇಎಸ್ಆರ್, ಸಿಆರ್‌ಪಿ. ರುಮಟಾಲಜಿಸ್ಟ್ (ಸಂಧಿವಾತದ ತಜ್ಞ) ಹತ್ತಿರ ಬೇಗ ಕರೆದುಕೊಂಡು ಹೋಗಿ.

ತೋಟದದಾರಿ ಅವರೇ, ನಿಮಗೂ ಒಂದು ಮಾತು. ಸಿಟಿ ಮಾಡಿಸಿದಾಗ ಬರೀ ಫಿಲ್ಮ್ ತೆಗೆದುಕೊಂಡು ಬರಬೇಡಿ, ಸಿಡಿಯನ್ನೂ ಕೇಳಿ ಪಡೆಯಿರಿ. ಫಿಲ್ಮಿನಲ್ಲಿ ಆಯ್ದ ಕೆಲವು ಪದರ ಮಾತ್ರ ಇರುತ್ತವೆ. ಫಿಲ್ಮನ್ನು ಕಿಟಕಿಗೆ ಹಿಡಿದು ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರೆ 1 ಮಿಲಿಮೀಟರ್ ಅಂತರವನ್ನು ಯಾರಿಂದಲೂ ಅಳೆಯಲು ಆಗುವುದಿಲ್ಲ. ಸಿಡಿ ಇದ್ದರೆ ಶಸ್ತ್ರಚಿಕಿತ್ಸೆಯ ಬಗ್ಗೆ ಎರಡನೇ ಅಭಿಪ್ರಾಯ ಬೇಕಾದಾಗ ತಮ್ಮನನ್ನು ಬಸ್ಸಿನಲ್ಲಿ ಕರೆದುಕೊಂಡು ಅಲೆಯಬೇಕಾಗಿಲ್ಲ, ಚಿತ್ರವನ್ನಷ್ಟೇ ಕಳಿಸಬಹುದು. ಮೊದಲ ದಿನದ ಆ ಎರಡು ಚಿತ್ರದ ಫಿಲ್ಮನ್ನೂ ಎಸೆಯಬೇಡಿ, ಮುಂದೆ ಹೋಲಿಸಿ ನೋಡಲು ಬೇಕಾಗುತ್ತದೆ.